ಹೊಸ ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟಿನ ಬಗ್ಗೆ

ಕೆಂಪು ವಾಹನ ನಿರ್ವಹಣಾ ಇಲಾಖೆ
(ಮಂಜೂರಾದ ಸಿಬ್ಬಂದಿ: ಒಬ್ಬರು)
ಮೂರನೇ ಮಹಡಿ, ಬಲಗಡೆಯ ಮನೆ, ಊಟದ ಮೇಜಿನ ಎಡತುದಿ

ಸಂಖ್ಯೆ: ಕೆವಾನಿಇ/ಸೀಟು/1/ಅತಿ ತುರ್ತು
ದಿನಾಂಕ: ಬೈಕು ಬಂದ ಹದಿನೇಳನೆಯ ದಿನ, ಶುಕ್ರವಾರ

ಸುತ್ತೋಲೆ

ವಿಷಯ: ಹೊಸ ಸ್ಪೋರ್ಟ್ಸ್ ಬೈಕಿನ ಪ್ರಥಮ ಅನುಭವಗಳು, ಅದಕ್ಕೆ ಅಳವಡಿಸಲಾದ ಹೆಚ್ಚುವರಿ ಸಾಮಗ್ರಿಗಳು, ಹಾಗೂ ಸದರಿ ಸಾಮಗ್ರಿಗಳ ಪೈಕಿ ಹಿಂದಿನ ಸೀಟಿನ ಮುಚ್ಚಳದಿಂದ ಮನೆಯಲ್ಲಿ ಉದ್ಭವಿಸಿರುವ ಪರಿಸ್ಥಿತಿಯ ಬಗ್ಗೆ.

ಉಲ್ಲೇಖ:
1) ಸಕ್ಷಮ ಪ್ರಾಧಿಕಾರದ ಮೌಖಿಕ ಪ್ರಶ್ನೆ: "ರೀ, ನಾನೆಲ್ಲಿ ಕೂರ್ಲಿ?" (ಐದನೆಯ ದಿನ, ಭಾನುವಾರ, ಬೆಳಿಗ್ಗೆ ಏಳು ಗಂಟೆ)
2) ಅದೇ ಪ್ರಾಧಿಕಾರದ ಮೌಖಿಕ ಅಭಿಪ್ರಾಯ: "ಚೆನ್ನಾಗಿದೆ." (ಅದೇ ದಿನ, ಏಳು ಗಂಟೆ ಒಂದು ನಿಮಿಷ)
3) ಮಗಳ ಮೌಖಿಕ ಎಚ್ಚರಿಕೆ: "ಅಪ್ಪಾ, ಬೈಕಿಗೆ ಮೊದಲ ಸರ್ವಿಸು ಸಾವಿರ ಕಿಲೋಮೀಟರಿಗೆ. ನಿಮಗೆ ಹತ್ತಕ್ಕೇ ಬೇಕಾಯ್ತಲ್ಲ!"
4) ಫ್ರಿಜ್ಜಿನ ಮೇಲಿರುವ ನೀಲಿ ಹೆಲ್ಮೆಟ್.

ಪ್ರಸ್ತಾವನೆ:

ಐವತ್ತಮೂರು ವರ್ಷ ವಯಸ್ಸಿನ, ಇಪ್ಪತ್ತೇಳು ವರ್ಷಗಳಿಂದ ಕಚೇರಿಯೊಂದರಲ್ಲಿ ಸುತ್ತೋಲೆಗಳ ಕರಡು ಬರೆಯುತ್ತಿರುವ ಗುಮಾಸ್ತರೊಬ್ಬರು (ಇನ್ನು ಮುಂದೆ 'ಸವಾರರು' ಎಂದು ಕರೆಯಲಾಗುವುದು) ಕೆಂಪು ಬಣ್ಣದ ಸ್ಪೋರ್ಟ್ಸ್ ಬೈಕೊಂದನ್ನು ಮನೆಗೆ ತಂದಿರುತ್ತಾರೆ. ಸವಾರರ ಪತ್ನಿ (ಇನ್ನು ಮುಂದೆ 'ಸಕ್ಷಮ ಪ್ರಾಧಿಕಾರ') ಇದಕ್ಕೆ ಒಂದೇ ಒಂದು ಷರತ್ತಿನ ಮೇಲೆ ಒಪ್ಪಿಗೆ ನೀಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ನದಿಯ ಸೇತುವೆಯವರೆಗೆ ಹೋಗಿಬರತಕ್ಕದ್ದು, ಮದುವೆಯಾದ ಹೊಸತರಲ್ಲಿ ಹೋಗುತ್ತಿದ್ದಂತೆಯೇ. ಆಗಿನ ಸ್ಕೂಟರು ಪ್ರಾಧಿಕಾರದ ಸ್ವಂತದ್ದಾಗಿದ್ದು, ಸವಾರರಿಗೆ ಕ್ಲಚ್ ಬಿಡುವುದನ್ನು ಕಲಿಸಿದವರೂ ಅವರೇ ಎಂಬುದನ್ನು ಸವಾರರು ಯಾರ ಬಳಿಯೂ ಹೇಳಿಕೊಂಡಿರುವುದಿಲ್ಲ.

ನಾಲ್ಕನೆಯ ದಿನ ಸವಾರರು ಬಿಡಿಸಾಮಗ್ರಿಗಳ ಅಂಗಡಿಗೆ ಹೋಗಿ, ಅಂಗಡಿಯವರ "ಸಾರ್, ನಿಮ್ಮ ಪರ್ಸನಾಲಿಟಿಗೆ ಇದೇ ಸರಿ" ಎಂಬ ಮಾತಿಗೆ ಉಬ್ಬಿಹೋಗಿ, ಹಿಂದಿನ ಸೀಟನ್ನು ಕಳಚಿಸಿ ಅಲ್ಲಿಗೆ ಗೂನುಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿಕೊಂಡು ಬಂದರು. ಮರುದಿನ ಪ್ರಾಧಿಕಾರವು ತಾವೇ ಆರಿಸಿ ತಂದ ನೀಲಿ ಹೆಲ್ಮೆಟ್ ತೊಟ್ಟು ಮೂರು ಮಹಡಿ ಇಳಿದು ಬಂದಿತು. ಉಲ್ಲೇಖ (1)ರ ಪ್ರಶ್ನೆಗೆ ಸವಾರರು "ಇದು ಸಿಂಗಲ್ ಸೀಟ್ ಲುಕ್ಕು, ರೇಸ್ ಬೈಕಿಗೆಲ್ಲ ಹೀಗೇ ಇರೋದು" ಎಂದು ಉತ್ತರಿಸಿದರು. ಉಲ್ಲೇಖ (2)ರ ಅಭಿಪ್ರಾಯವನ್ನು ಹೊಗಳಿಕೆ ಎಂದು ಭಾವಿಸಿ, ಸೇತುವೆಯವರೆಗೆ ಒಬ್ಬರೇ ಹೋಗಿ, ಬೈಕಿನ ಹದಿನಾಲ್ಕು ಫೋಟೊ ತೆಗೆದು, ಅಷ್ಟನ್ನೂ ಸದರಿ ಪ್ರಾಧಿಕಾರಕ್ಕೇ ಕಳುಹಿಸಿದರು.

ಅಂದಿನಿಂದ ಪ್ರಾಧಿಕಾರದ ಮಾತುಗಳು ಸೂಕ್ತ ಮಾರ್ಗದ ಮೂಲಕ, ಅಂದರೆ ಮಗಳ ಮೂಲಕ ಮಾತ್ರ ಬರುತ್ತಿವೆ. ಹೆಲ್ಮೆಟ್ ಫ್ರಿಜ್ಜಿನ ಮೇಲಿದೆ. ಎರಡು ಭಾನುವಾರಗಳು ವ್ಯರ್ಥವಾಗಿವೆ. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಬೈಕು ಏರುವ ಕುರಿತು: ಬಲಗಾಲನ್ನು ಹಿಂದಿನಿಂದ ಬೀಸಿ ಹತ್ತುವ ಕ್ರಮವನ್ನು ಎರಡನೆಯ ದಿನವೇ ರದ್ದುಪಡಿಸಲಾಗಿದೆ. ಕಾಲು ಅರ್ಧದಾರಿಯಲ್ಲಿ ನಿಂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ, ಕಾವಲುಗಾರರು ಬಂದು ಬಿಡಿಸಬೇಕಾಯಿತು. ಇನ್ನು ಮುಂದೆ ಕಾವಲುಗಾರರ ಪ್ಲಾಸ್ಟಿಕ್ ಸ್ಟೂಲನ್ನು ಬೆಳಿಗ್ಗೆ ಒಂಬತ್ತಕ್ಕೆ ಎರವಲು ಪಡೆಯಲಾಗುವುದು. ಆ ಎರಡು ನಿಮಿಷ ಕಾವಲುಗಾರರು ಗೇಟಿನ ಕಡೆಗೇ ನೋಡುತ್ತಿರತಕ್ಕದ್ದು.

2. ಭಂಗಿಯ ಕುರಿತು: ಈ ಬೈಕಿನ ಮೇಲೆ ಕುಳಿತಾಗ ಉಂಟಾಗುವುದು, ಮಂಚದ ಕೆಳಗೆ ಉರುಳಿದ ಅಂಗಿಯ ಗುಂಡಿಯನ್ನು ಹುಡುಕುವಾಗಿನ ಭಂಗಿ. ಎದುರಾದ ಸಹೋದ್ಯೋಗಿಗಳಿಗೆ ಸವಾರರು ತಲೆಯೆತ್ತಿ ನಮಸ್ಕಾರ ಹೇಳದಿದ್ದಲ್ಲಿ ಅದನ್ನು ಸೊಕ್ಕು ಎಂದು ಪರಿಗಣಿಸತಕ್ಕದ್ದಲ್ಲ. ಅದು ಸೊಂಟ. ಮಗಳು ಫಿಸಿಯೋಥೆರಪಿಸ್ಟ್ ಆಗಿದ್ದು, ಪ್ರತಿದಿನ ಸಂಜೆ ಸವಾರರನ್ನು ಹಾಲ್‌ನ ನೆಲದ ಮೇಲೆ ಬೋರಲು ಮಲಗಿಸಿ ಉಲ್ಲೇಖ (3)ನ್ನು ಪುನರುಚ್ಚರಿಸುತ್ತಾರೆ.

3. ವೇಗದ ಕುರಿತು: ಮೊದಲ ಸಾವಿರ ಕಿಲೋಮೀಟರು ಎಂಜಿನ್ನಿಗೆ ಜೋರು ಮಾಡುವಂತಿಲ್ಲ ಎಂದು ಕೈಪಿಡಿಯಲ್ಲಿದೆ. ಸವಾರರು ಕೈಪಿಡಿಯನ್ನು ಅಕ್ಷರಶಃ ಪಾಲಿಸುವ ಸ್ವಭಾವದವರಾಗಿದ್ದು, ಆರನೆಯ ದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಪತ್ರಿಕೆ ಹಂಚುವ ಹಿರಿಯರು ಅವರನ್ನು ಎರಡು ಬಾರಿ ಹಿಂದೆ ಹಾಕಿದರು. ಎರಡೂ ಸಲದ ನಡುವೆ ಅವರು ನಾಲ್ಕು ಮನೆಗೆ ಪತ್ರಿಕೆ ಹಾಕಿದ್ದರು ಎಂಬುದನ್ನು ಗಮನಿಸಬಹುದು.

4. ಕನ್ನಡಿಗಳ ಕುರಿತು: ಎಡಗನ್ನಡಿಯಲ್ಲಿ ಸವಾರರ ಎಡ ಮೊಣಕೈಯೂ ಬಲಗನ್ನಡಿಯಲ್ಲಿ ಬಲ ಮೊಣಕೈಯೂ ಸ್ಪಷ್ಟವಾಗಿ ಗೋಚರಿಸುತ್ತವೆ. ಹಿಂದೆ ಯಾರಿದ್ದಾರೆ ಎಂಬುದು ಗೋಚರಿಸುವುದಿಲ್ಲ. ಈ ದೋಷ ಸವಾರರಲ್ಲಿ ಬೈಕಿಗಿಂತ ಮೊದಲಿನಿಂದಲೂ ಇತ್ತೆಂದು ಮಗಳು ಅಭಿಪ್ರಾಯಪಟ್ಟಿದ್ದಾರೆ.

5. ಸಾರ್ವಜನಿಕರ ಪ್ರಥಮ ಅನಿಸಿಕೆಗಳು: "ಮಗನ ಬೈಕಾ ಸಾರ್?" ಎಂಬ ಪ್ರಶ್ನೆಯನ್ನು ಇನ್ನು ಮುಂದೆ ಕೇಳತಕ್ಕದ್ದಲ್ಲ. ಸವಾರರಿಗೆ ಮಗನಿಲ್ಲ. ಈವರೆಗೆ ಕೇಳಿದ ಒಂಬತ್ತು ಮಂದಿಗೂ ಸವಾರರು ತಲೆಯಾಡಿಸಿರುವುದರಿಂದ, ಇಲ್ಲದ ಮಗನ ಬಗ್ಗೆ ಕಚೇರಿಯಲ್ಲಿ ವಿಚಾರಣೆಗಳು ಆರಂಭವಾಗಿವೆ.

6. ಹೆಚ್ಚುವರಿ ಸಾಮಗ್ರಿಗಳ ವಿವರ:

(ಅ) ಟ್ಯಾಂಕ್ ಪ್ಯಾಡ್: ಬೆಲ್ಟಿನ ಬಕಲ್ಲಿನಿಂದ ಟ್ಯಾಂಕಿಗೆ ಗೀರು ಬೀಳದಂತೆ ಅಂಟಿಸುವ ರಬ್ಬರು. ಸವಾರರ ಬಕಲ್ಲು ಹೊಟ್ಟೆಯ ಮರೆಗೆ ಸರಿದು ಬಹಳ ವರ್ಷಗಳಾಗಿದ್ದು, ಅದು ಟ್ಯಾಂಕನ್ನು ತಲುಪುವ ಸಂಭವ ಕಂಡುಬಂದಿಲ್ಲ.

(ಆ) ಮೊಣಕಾಲು ಕವಚ: ತಿರುವಿನಲ್ಲಿ ಬೈಕು ವಾಲಿದಾಗ ಮೊಣಕಾಲು ರಸ್ತೆಗೆ ತಾಗುತ್ತದೆಂದು ಪಡೆಯಲಾಗಿದೆ. ಮೊಣಕಾಲು ಇದುವರೆಗೆ ನೆಲಕ್ಕೆ ತಾಗಿರುವುದು ಒಮ್ಮೆ ಮಾತ್ರ, ನಿಂತ ಬೈಕಿನಿಂದ, ಸ್ಟೂಲು ಜಾರಿದಾಗ.

(ಇ) ಮೊಬೈಲ್ ಹೋಲ್ಡರು: ಮನೆಯಿಂದ ಕಚೇರಿಗೆ ದಾರಿ ತೋರಿಸಲು. ಸವಾರರು ಇಪ್ಪತ್ತೇಳು ವರ್ಷದಿಂದ ಅದೇ ದಾರಿಯಲ್ಲಿ ಹೋಗುತ್ತಿದ್ದರೂ, ಮೊದಲ ದಿನವೇ ಅದರ ಮಾತು ಕೇಳಿ ದಾರಿ ತಪ್ಪಿದ್ದಾರೆ.

(ಈ) ಜಾಕೆಟ್ಟು: ಏಳು ಜಿಪ್ಪುಗಳುಳ್ಳದ್ದು. ಹಾಕಿಕೊಳ್ಳಲು ಒಬ್ಬರು, ತೆಗೆಯಲು ಇಬ್ಬರು ಬೇಕು. ಎಂಟನೆಯ ದಿನ ಮಗಳು ಕೆಲಸಕ್ಕೆ ಹೋಗಿದ್ದಾಗ, ಪ್ರಾಧಿಕಾರದ ಸಹಾಯ ಕೇಳುವ ಧೈರ್ಯ ಸಾಲದೆ, ಸವಾರರು ಜಾಕೆಟ್ಟಿನಲ್ಲಿಯೇ ಊಟ ಮಾಡಿದರು. ಪ್ರಾಧಿಕಾರವು ಎದುರಿಗೇ ಕುಳಿತು ಬಡಿಸಿತು.

(ಉ) ಹಿಂದಿನ ಸೀಟಿನ ಮುಚ್ಚಳ: ಕಂಡಿಕೆ 8 ನೋಡಿ.

7. ಕಟ್ಟಡದ ಬೆಕ್ಕಿನ ಕುರಿತು: ಬೆಕ್ಕು ಬೈಕಿನ ಮೇಲೆ ಮಲಗುವುದನ್ನು ಒಂಬತ್ತನೆಯ ದಿನ ನಿಷೇಧಿಸಲಾಗಿತ್ತು. ಬೆಕ್ಕು ನೋಟಿಸು ಸ್ವೀಕರಿಸಲಿಲ್ಲ. ಅದು ಮುಚ್ಚಳದ ಗೂನಿನ ಮೇಲೆಯೇ ಸುರುಳಿ ಸುತ್ತಿಕೊಂಡು ಮಲಗುತ್ತಿದ್ದು, ಹಿಂದಿನ ಸೀಟಿನ ಜಾಗದಲ್ಲಿ ಇದುವರೆಗೆ ಕುಳಿತಿರುವ ಏಕೈಕ ಜೀವಿ ಅದೇ ಆಗಿದೆ. ಇದನ್ನು ಬಾಲ್ಕನಿಯಿಂದ ನೋಡಿದ ಪ್ರಾಧಿಕಾರವು "ಅದಕ್ಕಾದ್ರೂ ಜಾಗ ಸಿಕ್ತಲ್ಲ" ಎಂದಿರುವುದಾಗಿ ಸೂಕ್ತ ಮಾರ್ಗದ ಮೂಲಕ ತಿಳಿದುಬಂದಿದೆ.

8. ಮುಚ್ಚಳದ ತೆರವು: ನಿನ್ನೆ ಸಂಜೆ ಸವಾರರು ಸ್ವತಃ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ತೆಗೆದಿರುತ್ತಾರೆ. ಐದು ಸ್ಕ್ರೂ ಕೆಳಗೆ ಬಿದ್ದಿದ್ದು, ಐದನೆಯದು ಯಾವುದರದ್ದೆಂದು ಪರಿಶೀಲಿಸಲಾಗುತ್ತಿದೆ. ಅಸಲಿ ಸೀಟನ್ನು ಮಂಚದ ಕೆಳಗಿನಿಂದ ಹೊರತೆಗೆದು, ಒರೆಸಿ, ಸ್ವಸ್ಥಾನದಲ್ಲಿ ಕೂರಿಸಲಾಗಿದೆ. ಮುಚ್ಚಳವನ್ನು ಬಾಲ್ಕನಿಯ ಮೂಲೆಗೆ ವರ್ಗಾಯಿಸಲಾಗಿದೆ. ಅಗತ್ಯವಿದ್ದಲ್ಲಿ ಬೆಕ್ಕು ಅಲ್ಲಿಯೇ ವರದಿ ಮಾಡಿಕೊಳ್ಳತಕ್ಕದ್ದು.

9. ಸದರಿ ಸೀಟಿನ ಗುಣಲಕ್ಷಣಗಳು: ಏನನ್ನೂ ಮುಚ್ಚಿಡದೆ ತಿಳಿಸುವುದೇನೆಂದರೆ, ಸೀಟು ಎರಡು ಅಂಗೈ ಅಗಲವಿದ್ದು, ಎತ್ತರದಲ್ಲಿದೆ, ಗಟ್ಟಿಯಾಗಿದೆ. ಅದರ ಮೇಲೆ ಕುಳಿತರೆ ಹೇಗಿರುತ್ತದೆ ಎಂಬ ಬಗ್ಗೆ ಇಲಾಖೆಯಲ್ಲಿ ಯಾವುದೇ ಮಾಹಿತಿ ಲಭ್ಯವಿಲ್ಲ, ಏಕೆಂದರೆ ಸವಾರರು ಬೈಕು ಕೊಳ್ಳುವಾಗ ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಹಿಡಿದುಕೊಳ್ಳಲು ಹಿಡಿಕೆ ಇರುವುದಿಲ್ಲ. ಸವಾರರ ಹೆಗಲು ಲಭ್ಯವಿರುತ್ತದೆ.

10. ತಪ್ಪೊಪ್ಪಿಗೆ: ತಪ್ಪಾಗಿರುತ್ತದೆ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಕರಡನ್ನು ಓದಿದ ಮಗಳು ಅಂಚಿನಲ್ಲಿ "ಯಾರದ್ದು?" ಎಂದು ಬರೆದು ಹಿಂತಿರುಗಿಸಿದ್ದರಿಂದ, ನನ್ನದು ಎಂದು ಸೇರಿಸಲಾಗಿದೆ. ಇಪ್ಪತ್ತೇಳು ವರ್ಷ ಊರಿಗೆಲ್ಲ ಸೂಚನೆ ಕೊಟ್ಟ ಕೈಗೆ ಮನೆಯಲ್ಲಿ ಕ್ಷಮೆ ಕೇಳಲು ಬರಲಿಲ್ಲ. ನಾಲ್ಕು ಸಲ ಅಡುಗೆಮನೆಯ ಬಾಗಿಲವರೆಗೆ ಬಂದು, ನೀರು ಕುಡಿದು ವಾಪಸಾಗಿದ್ದೇನೆ. ಸೇತುವೆಯ ಮೇಲೆ ಒಬ್ಬನೇ ನಿಂತಿದ್ದಾಗ ಅಲ್ಲಿ ನೋಡುವಂಥದ್ದು ಏನೂ ಕಾಣಲಿಲ್ಲ. ಅದಕ್ಕೇ ಬೈಕಿನ ಫೋಟೊ ತೆಗೆದೆ. ಹೊಟ್ಟೆಗೆ ಹಾಕಿಕೊಳ್ಳಬೇಕಾಗಿ ಕೋರಲಾಗಿದೆ.

11. ಈ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬೈಕು ಗೇಟಿನ ಬಳಿ ಸಿದ್ಧವಿರುತ್ತದೆ. ಸ್ಟೂಲು ಎರಡು ಇರುತ್ತವೆ. ಸಕ್ಷಮ ಪ್ರಾಧಿಕಾರವು ಬಾರದಿದ್ದಲ್ಲಿ ಬೈಕು ಹೊರಡುವುದಿಲ್ಲ. ಅಂದೂ, ಮುಂದಿನ ಯಾವ ಭಾನುವಾರವೂ.

ಸಹಿ/-
ಸವಾರರು ಹಾಗೂ ಪದನಿಮಿತ್ತ ಪತಿ
ಕೆಂಪು ವಾಹನ ನಿರ್ವಹಣಾ ಇಲಾಖೆ

ಪ್ರತಿಗಳು:
1. ಮಗಳಿಗೆ: ಮಾಹಿತಿಗಾಗಿ, ಸವಾರರ ಸೊಂಟದ ಕಡತವನ್ನು ಮುಕ್ತಾಯಗೊಳಿಸದಿರುವಂತೆ ಕೋರಿ.
2. ಕಾವಲುಗಾರರಿಗೆ: ಎರಡನೆಯ ಸ್ಟೂಲಿನ ಬಗ್ಗೆ ಸೂಕ್ತ ಕ್ರಮಕ್ಕಾಗಿ.
3. ಬಿಡಿಸಾಮಗ್ರಿಗಳ ಅಂಗಡಿಯವರಿಗೆ: ಸವಾರರ ಪರ್ಸನಾಲಿಟಿಯ ಬಗ್ಗೆ ಮುಂದೆ ಯಾವುದೇ ಅಭಿಪ್ರಾಯ ನೀಡದಿರುವಂತೆ.
4. ಪತ್ರಿಕೆ ಹಂಚುವ ಹಿರಿಯರಿಗೆ: ಈ ಭಾನುವಾರ ಒಂದು ದಿನದ ಮಟ್ಟಿಗೆ ಹಿಂದೆ ಹಾಕದಿರುವಂತೆ ವಿನಂತಿಸಿ.
5. ಬೆಕ್ಕಿಗೆ: ಬಾಲ್ಕನಿಯಲ್ಲಿ ಅಂಟಿಸಲಾಗಿದೆ.
6. ಸಕ್ಷಮ ಪ್ರಾಧಿಕಾರಕ್ಕೆ: ಫ್ರಿಜ್ಜಿನ ಮೇಲಿನ ನೀಲಿ ಹೆಲ್ಮೆಟ್ಟಿನ ಒಳಗೆ ಇರಿಸಲಾಗಿದೆ.
7. ಕಚೇರಿ ಪ್ರತಿ.

(6ನೆಯ ಪ್ರತಿ ಅದೇ ಸಂಜೆ ಮರಳಿ ಬಂದಿದ್ದು, ಅದರ ಮೇಲೆ ಪೆನ್ಸಿಲಿನಲ್ಲಿರುವ ಷರಾ ಈ ಕೆಳಗಿನಂತಿದೆ:)

"ಓದಿದೆ. ಇಷ್ಟುದ್ದ ಬರೆಯೋ ಬದಲು ಐದನೇ ಸಲ ಅಡುಗೆಮನೆ ಬಾಗಿಲಿಗೆ ಬಂದಿದ್ರೆ ಸಾಕಿತ್ತು. ಏಳು ಗಂಟೆಗೆ ಕೆಳಗಿರ್ತೀನಿ. ಸೇತುವೆವರೆಗೆ ನೀವು ಓಡಿಸಿ. ವಾಪಸ್ ಬರುವಾಗ ನಾನು. ಹಿಂದಿನ ಸೀಟು ಹೇಗಿದೆ ಅನ್ನೋ ಮಾಹಿತಿ ನಿಮ್ಮ ಇಲಾಖೆಗೂ ಸಿಗಲಿ."