ಪರದೇಶದ ಗಾಜಿನಲ್ಲಿ ಧಾರವಾಡ

ಮನೆಯವರು ಒಂದು ಕಂಪನಿಯ ನಾಲ್ಕು ಷೇರು ಕೊಂಡರೆಂದರೆ, ಆ ಕಂಪನಿಯ ಸಾಮಾನನ್ನು ಬಯ್ಯುವ ಹಕ್ಕು ಹೆಂಡತಿಯ ಕೈ ತಪ್ಪಿತೆಂದೇ ತಿಳಿಯಬೇಕು. ನಮ್ಮವರು ಖಾನಾಪುರದ ಸಾಲೆಯಲ್ಲಿ ಮಾಸ್ತರರು. ರೇಡಿಯೋ ಮಾಡುವ ಕಂಪನಿಯೊಂದರ ಷೇರು ಕೊಂಡರು, ಅದರದೇ ರೇಡಿಯೋವನ್ನೂ ತಂದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿದ ಕೈಯಿಂದಲೇ ಅದರ ಕಿವಿ ಹಿಂಡುವರು. ಕಂಪನಿ ಹೊರದೇಶಕ್ಕೂ ರೇಡಿಯೋ ಕಳಿಸತೊಡಗಿದ ಮೇಲಂತೂ, ಹಡಗು ತಮ್ಮದೇ ಎಂಬಂತೆ ಕಟ್ಟೆಯ ಮೇಲೆ ಕೂರುತ್ತಿದ್ದರು.

ಅವರ ಮಾತು ಕೇಳಿ ಅದೇ ರೇಡಿಯೋ ಕೊಂಡಿದ್ದ ಬಾಜೂಮನೆಯ ಶಿವಪ್ಪ ಒಮ್ಮೆ ಬಂದು, "ಏನ್ರಿ ಸರ, ನಿಮ್ಮ ರೇಡಿಯೋ ಪರದೇಶದಾಗ ಹಾಡತೈತಂತ. ನಮ್ಮ ಮನ್ಯಾಗ ಬರೇ ಕೆಮ್ಮತೈತಿ!" ಎಂದ.

"ಹೊರಗ ಮಾರಿದ್ರ ಕಂಪನಿ ಉಳೀತೈತಿ, ಶಿವಪ್ಪ. ಇಲ್ಲೆ ಮಳಿ ಕೈಕೊಟ್ಟು ಯಾರೂ ಕೊಳ್ಳದಿದ್ರೂ ಅಲ್ಲೆ ಗಿರಾಕಿ ಇರ್ತಾನ. ಕಂಪನಿ ಉಳಿದ್ರ ನನಗ ಲಾಭ, ನಿನ್ನ ಕೆಮ್ಮಿಗೆ ಔಷಧ."

"ಮತ್ತ ಅಲ್ಲಿಯವರೂ ಒಲ್ಲೆ ಅಂದ್ರ?"

ನಮ್ಮವರು ನನಗೆ ಚಹಾ ತರಲು ಹೇಳಿದರು.

ಲಾಭವೇನೋ ಬರುತ್ತಿತ್ತು. ಅದರಲ್ಲಿ ಬೆಳಗಾವಿಯ ಕುಂದಾ ಬರುತ್ತಿತ್ತು. ಹೋಗಿಬರುವ ಖರ್ಚು ಮಾತ್ರ ಪಗಾರದ್ದು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಅದನ್ನೂ ಬೆಕ್ಕು ಕೆಡವಿತು. ಊರಿನ ಹೆಸರುಗಳಿದ್ದ ಗಾಜು ಒಡೆಯಿತು, ದನಿ ಹೋಯಿತು. ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಯ ಅಂಗಡಿಗೆ ಒಯ್ದೆ. ಇದು ಸರಿಹೋಗದಿದ್ದರೆ ಆ ಮನೆಗೆ ಹೇಗೆ ಮರಳಲಿ ಎಂಬುದೊಂದೇ ಚಿಂತೆ.

"ಈ ನಮೂನಿ ಇಲ್ಲೆ ಮಾರೂದು ಬಂದ್ ಆಗೇತ್ರಿ ಅಕ್ಕಾರ," ಎಂದ ಅಂಗಡಿಯವನು. "ಪುಣ್ಯಾಕ್ಕ ಹೊರದೇಶಕ್ಕ ಇನ್ನೂ ಕಳಸ್ತಾರ, ಅದಕ್ಕ ಒಳಗಿನ ಸಾಮಾನ ಸಿಗತಾವು. ಆದ್ರ ಗಾಜು ಅಲ್ಲೀದ ಬರತೈತಿ ನೋಡ್ರಿ."

ಬಂತು. ಗಾಜಿನ ತುಂಬ ತಿಳಿಯದ ಲಿಪಿಯ ಊರುಗಳು. ಮನೆಯಲ್ಲಿ ಕೂತು ಮುಳ್ಳನ್ನು ಮೆಲ್ಲಗೆ ಸರಿಸುತ್ತ ಹೋದೆ. ಯಾವುದೋ ಊರಿನ ನೆತ್ತಿಯ ಮೇಲೆ ಧಾರವಾಡ ಕೇಂದ್ರ ಸಿಕ್ಕಿತು. ಮತ್ತೆ ತಪ್ಪಿಹೋಗದಿರಲೆಂದು ಒದ್ದೆ ಬೆರಳನ್ನು ಅವರ ವಿಭೂತಿಗೆ ತಾಗಿಸಿ ಅಲ್ಲೊಂದು ಗೆರೆ ಎಳೆದೆ.

ಮೊನ್ನೆ ಶಿವಪ್ಪ ಅದನ್ನು ನೋಡಿ ನಕ್ಕ. "ಏನ್ರಿ ವೈನಿ, ಪರದೇಶದ ಊರಿಗೂ ದೀಕ್ಷಾ ಕೊಟ್ರೇನು?"

"ಹೊರಗ ಮಾರಿದ್ರ ಕಂಪನಿ ಉಳೀತೈತಿ, ಶಿವಪ್ಪ..." ಎಂದು ಶುರು ಮಾಡಿದವಳು ಬಹಳ ಹೊತ್ತು ನಿಲ್ಲಿಸಲಿಲ್ಲ. ಷೇರುಗಳ ಜೊತೆ ಭಾಷಣವೂ ನನ್ನ ಹೆಸರಿಗೆ ವರ್ಗವಾಗಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಶಿವಪ್ಪ ಪೂರ್ತಿ ಕೇಳಿ, "ಮತ್ತ ಅಲ್ಲಿಯವರೂ ಒಲ್ಲೆ ಅಂದ್ರ?" ಎಂದ.

ನಾನು ಚಹಾ ಇಡಲು ಎದ್ದೆ.