ಅಂಗಡಿ ದಂಪತಿಗಳ ರೂಟರ್ ವಿಜಯವು

ಕೃತಯುಗವು ತಪಸ್ಸಿನಿಂದ ಬೆಳಗಿತು, ತ್ರೇತೆಯು ಬಿಲ್ಲಿನಿಂದ, ದ್ವಾಪರವು ಚಕ್ರದಿಂದ. ಆ ಮೂರೂ ಸಂದುಹೋಗಿ, ಕಲಿಯು ಸಿಂಹಾಸನವೇರಿ, ಅವನ ಆಳ್ವಿಕೆಯಲ್ಲಿ ತಂತಿಯು ಭೂಮಂಡಲವನ್ನು ಬಳ್ಳಿಯಂತೆ ಸುತ್ತಿಕೊಂಡ ಕಾಲದೊಳಗೆ, ಬೇಸಿಗೆ ರಜೆಯ ಎದೆಯ ಮೇಲೆ ತರಬೇತಿಯೆಂಬುದು ಬಂದು ಕುಳಿತ ಒಂದು ವೈಶಾಖದಲ್ಲಿ, ಹಾವೇರಿ ಸೀಮೆಯ ಒಂದು ಕಂಪ್ಯೂಟರ್ ಕೋಣೆಯೊಳಗೆ ನಡೆದ ಘೋರಸಮರವನ್ನು ಹೇಳಹೊರಟಿದ್ದೇನೆ. ಎಲೈ ವಾಗ್ದೇವಿಯೇ, ನಾಲಗೆಯ ಮೇಲೆ ನೆಲೆಸು. ಎಲೈ ವಿದ್ಯುದ್ದೇವಿಯೇ, ಕಥೆ ಮುಗಿಯುವವರೆಗಾದರೂ ಹೋಗಬೇಡ.

ಸಮರದ ನಾಯಕನು ಯಾರೆಂದರೆ, ಬೀಜಗಣಿತಾರಣ್ಯಕಂಠೀರವನೂ ಪ್ರಮೇಯಪ್ರಹಾರಪ್ರವೀಣನೂ, ಬಳಪವೊಂದನ್ನೇ ಬಾಣವಾಗಿಸಿ ಕೊನೆಯ ಬೆಂಚಿನ ನಿದ್ರಾಸುರರನ್ನು ಸಂಹರಿಸಿದವನೂ ಆದ ಗಣಿತದ ಮಾಸ್ತರ ಚನ್ನವೀರಪ್ಪ ಅಂಗಡಿ. ಪ್ರತಿನಾಯಕಿಯು ಯಾರೆಂದರೆ, ಆಮ್ಲಕ್ಷಾರವಿವೇಚನಚತುರೆಯೂ ಪ್ರಯೋಗಶಾಲಾಚಕ್ರವರ್ತಿನಿಯೂ, ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಒಂಬತ್ತನೆಯ ತರಗತಿಯನ್ನು ಚಿತ್ರಪಟದಂತೆ ನಿಶ್ಚಲಗೊಳಿಸುವವಳೂ ಆದ ವಿಜ್ಞಾನದ ಶಿಕ್ಷಕಿ ದಾಕ್ಷಾಯಣಿ. ಇವರಿಬ್ಬರೂ ಒಂದೇ ಶಾಲೆಯವರು. ಒಂದೇ ಮನೆಯವರು ಕೂಡ. ಅಗ್ನಿಸಾಕ್ಷಿಯಾಗಿ ಕೈಹಿಡಿದ ಗಂಡಹೆಂಡಿರು.

ಅವರ ಶಾಲೆಗೆ ಹೊಸ ಕಂಪ್ಯೂಟರುಗಳು ಬರಲಿದ್ದವು. ಅವುಗಳಿಗೊಂದು ಕೋಣೆ, ಕೋಣೆಗೊಂದು ಬೀಗ, ಬೀಗಕ್ಕೊಬ್ಬ ಇನ್‌ಚಾರ್ಜು. ‘ತರಬೇತಿಯಲ್ಲಿ ಚಲೋ ಮಾಡಿದವರು ಯಾರೋ ಅವರೇ ಇನ್‌ಚಾರ್ಜು’ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ಮನೆಯ ಫ್ಯೂಸು, ಟಿವಿಯ ವೈರು, ಮಿಕ್ಸರಿನ ಪ್ಲಗ್ಗು ಎಲ್ಲವೂ ಚನ್ನವೀರಪ್ಪನ ಸಾಮ್ರಾಜ್ಯಕ್ಕೆ ಸೇರಿದವಾಗಿದ್ದವು. ದಾಕ್ಷಾಯಣಿಯು ಕೈ ಹಾಕಲು ಹೋದಾಗಲೆಲ್ಲ ಅವನು, "ಬಿಡು, ನಿನಗ ತಿಳಿಯಂಗಿಲ್ಲ" ಎನ್ನುತ್ತಿದ್ದನು. ಶಾಲೆಯಲ್ಲಿ ವಿದ್ಯುತ್ತಿನ ಪಾಠವನ್ನು ಹೇಳುವವಳು ಆಕೆ. ಆದರೂ ಮನೆಯಲ್ಲಿ ಆ ಮಾತನ್ನು ಕೇಳಿ ಕೇಳಿ ಸುಮ್ಮನಾಗುತ್ತಿದ್ದಳು. ಒಳಗೆ ಮಾತ್ರ ಅದು ಕೆಂಡವಾಗಿ ಉಳಿಯುತ್ತಿತ್ತು.

ಹಲವು ಶಾಲೆಗಳ ಮಾಸ್ತರರು ಬಂದು ಕೂಡಿದ್ದ ಆ ಸಭೆಗೆ ತರಬೇತಿ ಕೊಡುವವಳು ರೇಷ್ಮಾ ಮುಲ್ಲಾ ಎಂಬ ಯುವತಿ, ಇಂಜಿನಿಯರಿಂಗ್ ಓದಿ ಬಂದವಳು. ಆ ದಿನ ಅವಳು ಮೇಜಿನ ಮೇಲೆ ಮೂರು ಪೆಟ್ಟಿಗೆಗಳನ್ನಿಟ್ಟು, "ಇದು ಹಬ್, ಇದು ಸ್ವಿಚ್, ಇದು ರೂಟರ್. ಒಂದು ಕಂಪ್ಯೂಟರಿನ ಸಂದೇಶ ಇನ್ನೊಂದಕ್ಕ ಮುಟ್ಟಸೋವು ಇವ" ಎಂದಳು. ಚನ್ನವೀರಪ್ಪನು ಎದ್ದುನಿಂತು, ಮೊದಲೆರಡು ಪೆಟ್ಟಿಗೆಗಳನ್ನು ಎರಡು ಕೈಗಳಲ್ಲಿ ತೂಗಿ ನೋಡಿ, ಇಡೀ ಸಭೆಗೆ ಕೇಳುವಂತೆ ಘೋಷಿಸಿದನು:

"ಎರಡೂ ತೂತಿನ ಡಬ್ಬೀನ ಅದಾವ್ರಿ ಮೇಡಂ. ಎರಡಕ್ಕೂ ವೈರ್ ಚುಚ್ಚೋದು, ಎರಡೂ ಮಿಣುಕ್ ಮಿಣುಕ್ ಅಂತಾವ. ಹೆಸರಷ್ಟ ಬ್ಯಾರೆ."

ಹಿಂದಿನ ಸಾಲಿನಿಂದ ದಾಕ್ಷಾಯಣಿಯ ಧ್ವನಿಯು, ಕಾರ್ಮೋಡವಿಲ್ಲದ ಆಕಾಶದಿಂದೆರಗಿದ ಸಿಡಿಲಿನಂತೆ ಬಂತು: "ಬಿಡ್ರಿ, ನಿಮಗ ತಿಳಿಯಂಗಿಲ್ಲ."

ಸಭೆಯು ನಕ್ಕಿತು. ಹಾನಗಲ್ಲಿನ ಹಿಂದಿ ಮಾಸ್ತರರು ಮೇಜು ಕುಟ್ಟಿ ಕುಟ್ಟಿ ನಕ್ಕರು. ಚನ್ನವೀರಪ್ಪನ ಕಿವಿಗಳು ಕಾದ ಕಬ್ಬಿಣದಂತೆ ಕೆಂಪಾದವು. ಅವನು ಪೆಟ್ಟಿಗೆಗಳನ್ನು ಕೆಳಗಿಟ್ಟು ಭೀಷಣವಾಗಿ ನುಡಿದನು: "ನಾನು ಹಬ್ ಹಚ್ಚಿ ತೋರಸ್ತೀನಿ. ಅಕಿ ಸ್ವಿಚ್ ಹಚ್ಚಿ ತೋರಿಸ್ಲಿ. ಅದು ಆಗೂತನಾ ಅಕಿ ಕೂಡ ನನ್ನದು ಮಾತಿಲ್ಲ."

"ಭಾಳ ಚಲೋ ಆತು. ಮನಿ ತಣ್ಣಗಿರ್ತೈತಿ" ಎಂದಳು ದಾಕ್ಷಾಯಣಿ.

ಹೀಗೆ ಯುದ್ಧವು ಸಾರಲ್ಪಟ್ಟಿತು. ರಣರಂಗವೋ, ಸಿಮ್ಯುಲೇಟರ್. ಅಂದರೆ ಕಂಪ್ಯೂಟರಿನ ಪರದೆಯೊಳಗೇ ಪುಟ್ಟ ಪುಟ್ಟ ಕಂಪ್ಯೂಟರುಗಳನ್ನೂ ಪೆಟ್ಟಿಗೆಗಳನ್ನೂ ಎಳೆದಿಟ್ಟು, ಗೆರೆಯಂಥ ತಂತಿಗಳಿಂದ ಜೋಡಿಸಿ, ಸಂದೇಶವು ಲಕೋಟೆಯ ರೂಪದಲ್ಲಿ ಹೇಗೆ ಸಂಚರಿಸುವುದೆಂದು ಕಣ್ಣಾರೆ ಕಾಣುವ ಮಾಯಾಜಾಲ. ಆದರೆ ವಿಧಿಯ ಲೀಲೆಯನ್ನು ನೋಡಿರಿ: ಕಂಪ್ಯೂಟರುಗಳು ಕಡಿಮೆಯಿದ್ದುದರಿಂದ ಪ್ರತಿ ಶಾಲೆಗೂ ಒಂದೇ ಒಂದು ದೊರಕಿತು. ವೈರಿಗಳಿಬ್ಬರೂ ಒಂದೇ ಪರದೆಯ ಮುಂದೆ, ಒಂದೇ ಬೆಂಚಿನ ಮೇಲೆ, ಒಂದೇ ಮೌಸಿಗೆ ಒಡೆಯರಾಗಿ ಕುಳಿತರು. ಪರದೆಯ ಎಡಭಾಗವು ಅವನ ರಾಜ್ಯವಾಯಿತು, ಬಲಭಾಗವು ಅವಳದು. ಒಬ್ಬರ ಕೆಲಸ ಮುಗಿದೊಡನೆ ಮೌಸನ್ನು ಮೇಜಿನ ನಟ್ಟನಡುವೆ ಇಟ್ಟು ಕೈಕಟ್ಟಿಕೊಳ್ಳುವುದು. ಇನ್ನೊಬ್ಬರು ಅದನ್ನು ಮುಟ್ಟಿದವರ ಕೈಬಿಸಿಯೂ ತಾಕದಂತೆ ಎರಡು ಬೆರಳಲ್ಲಿ ಎತ್ತಿಕೊಳ್ಳುವುದು. ಇದೇ ಅವರ ಯುದ್ಧಧರ್ಮವಾಯಿತು.

ಮೊದಲು ಚನ್ನವೀರಪ್ಪನು ತನ್ನ ಹಬ್ಬಿನ ಸುತ್ತ ಕಂಪ್ಯೂಟರುಗಳ ಚತುರಂಗಬಲವನ್ನು ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಲಕೋಟೆಯನ್ನು ಪ್ರಯೋಗಿಸಿದನು. ಲಕೋಟೆಯು ಗರುಡವೇಗದಿಂದ ಹಬ್ಬನ್ನು ಹೊಕ್ಕಿತು. ಹೊಕ್ಕಿದ್ದು ಒಂದು, ಹೊರಟಿದ್ದು ಹಲವು! ರಕ್ತಬೀಜಾಸುರನಂತೆ ಮೈತಳೆದ ಲಕೋಟೆಗಳು ಕರೆದವರ ಮನೆಗೂ ಕರೆಯದವರ ಮನೆಗೂ ನುಗ್ಗಿದವು. ಬೇಡದ ಮನೆಗಳಲ್ಲೆಲ್ಲ ಅವುಗಳ ಮೇಲೆ ಕೆಂಪು ಕತ್ತರಿಗುರುತು ಬಿತ್ತು.

"ಮುಟ್ಟಿತಲ್ಲ!" ಎಂದು ವೀರನು ತೊಡೆ ತಟ್ಟಿದನು.

"ಮುಟ್ಟಿತ್ರಿ ಸರ್. ಆದ್ರ ಎಲ್ಲಾರಿಗೂ ಮುಟ್ಟಿತು" ಎಂದಳು ರೇಷ್ಮಾ. "ಹಬ್‌ಗೆ ಯಾರ ಮನಿ ಯಾವುದು ಅಂತ ಗೊತ್ತಿಲ್ಲ. ಅದಕ್ಕ ಓಣಿ ತುಂಬ ಒದರತೈತಿ. ಇಬ್ಬರು ಕೂಡೇ ಒದರಿದ್ರ ಡಿಕ್ಕಿ ಹೊಡದು ಎರಡೂ ಹಾಳಾಗತಾವ."

ಈಗ ದಾಕ್ಷಾಯಣಿಯ ಸರದಿ. ಅವಳು ಸ್ವಿಚ್ಚಿನ ಸುತ್ತ ತನ್ನ ಪಡೆಯನ್ನು ನಿಲ್ಲಿಸಿ, ಸೆರಗು ಸಿಕ್ಕಿಸಿ, ಕ್ಲಿಕ್ಕೆಂದು ಲಕೋಟೆಯನ್ನು ಬಿಟ್ಟಳು. ಅಯ್ಯೋ! ಅದೂ ಕೂಡ ಸ್ವಿಚ್ಚಿನಿಂದ ಹಲವಾಗಿ ಸಿಡಿದು ಎಲ್ಲರ ಮನೆಗೂ ಹೋಯಿತು. ಚನ್ನವೀರಪ್ಪನು ಅವಳಿಗೆ ಹೇಳುವಂತಿರಲಿಲ್ಲವಾದ್ದರಿಂದ ಫ್ಯಾನಿಗೆ ಹೇಳಿದನು: "ನೋಡಪಾ, ನಾ ಏನ್ ಹೇಳಿದ್ದೆ? ತೂತಿನ ಡಬ್ಬಿ."

ದಾಕ್ಷಾಯಣಿಯ ಮುಖವು ಗ್ರಹಣದ ಚಂದ್ರನಂತೆ ಕಂದಿತು. ಎಲ್ಲರೂ ನೋಡುತ್ತಿದ್ದರು. ಆದರೆ ಅವಳು ಮೌಸನ್ನು ಕೆಳಗಿಡಲಿಲ್ಲ. ಪ್ರಯೋಗವನ್ನು ಒಂದೇ ಸಲ ಮಾಡಿ ನಿರ್ಣಯಕ್ಕೆ ಬರಬಾರದೆಂದು ವರ್ಷ ವರ್ಷವೂ ಮಕ್ಕಳಿಗೆ ಹೇಳುವವಳು, ಅದೇ ಲಕೋಟೆಯನ್ನು ಎರಡನೆಯ ಬಾರಿ ಬಿಟ್ಟಳು. ಈ ಸಲ ಅದು ಸ್ವಿಚ್ಚನ್ನು ಹೊಕ್ಕು, ಅತ್ತ ತಿರುಗದೆ ಇತ್ತ ಬಾಗದೆ, ನೆಟ್ಟಗೆ ಒಂದೇ ಮನೆಗೆ ಹೋಗಿ ನೆಟ್ಟಗೆ ಮರಳಿ ಬಂತು.

"ಕಲ್ತತು!" ಎಂದು ಅವಳು ಹುಡುಗಿಯಂತೆ ಕೂಗಿದಳು. "ಮೊದಲ್ನೇ ಸಲ ಅದಕ್ಕ ಗೊತ್ತಿರ್ಲಿಲ್ಲ, ಎಲ್ಲಾರನೂ ಕೇಳ್ತು. ಯಾರು ಓ ಅಂದ್ರು ಅನ್ನೋದನ್ನ ನೆನಪಿಟ್ಕೊಂಡೈತಿ. ಹೌದಿಲ್ರಿ ಮೇಡಂ?"

"ಖರೇ ಅದರಿ" ಎಂದಳು ರೇಷ್ಮಾ.

ಸಭೆಯು ಚಪ್ಪಾಳೆ ತಟ್ಟಿತು. ಚನ್ನವೀರಪ್ಪನಿಗೆ ಒಳಗೊಳಗೇ ಆ ಪ್ರಯೋಗವು ಬಹಳ ಸೊಗಸಾಗಿ ಕಂಡಿತು. ಹೇಗಾಯಿತು, ಇನ್ನೊಮ್ಮೆ ತೋರಿಸು ಎಂದು ಕೇಳುವ ಆಸೆಯಾಯಿತು. ಆದರೆ ಆಡಿದ ಶಪಥವು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತ್ತು.

ಸಮರದ ಕೊನೆಯ ಘಟ್ಟವು ಇನ್ನೂ ಉಳಿದಿತ್ತು. ಎರಡು ರಾಜ್ಯಗಳ ನಡುವೆ ರೂಟರನ್ನು ಇಟ್ಟು, ಇಲ್ಲಿಯ ಸಂದೇಶವನ್ನು ಅಲ್ಲಿಗೆ ಮುಟ್ಟಿಸಬೇಕು. ಮುಟ್ಟಿಸಿದರೆ ಆ ಶಾಲೆಯು ತೇರ್ಗಡೆ. ದಾಕ್ಷಾಯಣಿಯು ರೂಟರಿನಲ್ಲಿ ತನ್ನ ರಾಜ್ಯದ ತಂತಿಯು ಸೇರುವ ಬಾಗಿಲಿಗೆ ವಿಳಾಸದ ಅಂಕಿಗಳನ್ನು ಬರೆದು ಮೌಸನ್ನು ನಡುವೆ ಇಟ್ಟಳು. ಚನ್ನವೀರಪ್ಪನು ತನ್ನ ಬಾಗಿಲಿಗೆ ಬರೆದನು. ರೂಟರು ಒಪ್ಪಲಿಲ್ಲ. ಮತ್ತೆ ಬರೆದನು. ಮತ್ತೆ ಒಪ್ಪಲಿಲ್ಲ. ಮೂರನೆಯ ಸಲ ಅವನು ಗದೆಯಿಂದೆಂಬಂತೆ ಎಂಟರ್ ಕೀಲಿಯನ್ನು ಅಪ್ಪಳಿಸಿದನು. ಕೀಲಿಮಣೆಯು ಹಾರಿತೇ ಹೊರತು ರೂಟರು ಕದಲಲಿಲ್ಲ.

"ರೂಟರ್ ಕೆಟ್ಟೈತ್ರಿ" ಎಂದನು.

ರೇಷ್ಮಾ ಬಂದು ಬಗ್ಗಿ ನೋಡಿದಳು. ಅವಳ ತುಟಿಯಂಚಿನಲ್ಲಿ ನಗೆಯೊಂದು ಸುಳಿಯಿತು. "ಕೆಟ್ಟಿಲ್ರಿ ಸರ್. ನೀವೂ ನಿಮ್ಮ ನೆಟ್‌ವರ್ಕಿಗೆ ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು ಅಂತ ಇಟ್ಟೀರಿ, ಮೇಡಂನೂ ಅದನ್ನ ಇಟ್ಟಾರ. ಊರಾಗ ಎರಡು ಓಣಿಗೆ ಒಂದ ಹೆಸರು ಇಟ್ರ ಟಪಾಲಿನವ ಯಾವ ಓಣಿಗೆ ಹೋಗ್ಬೇಕು? ರೂಟರ್ ಇರೋದು ಎರಡು ಬ್ಯಾರೆ ಬ್ಯಾರೆ ನೆಟ್‌ವರ್ಕ್ ಕೂಡಸಾಕ. ಯಾರರ ಒಬ್ಬರು ನಂಬರ್ ಬದಲಾಸ್ರಿ. ಒಂದು ಮಾತು ಕೇಳಿ ಇಟ್ಟಿದ್ರ ಆಗಿತ್ತು."

ಒಬ್ಬರು ಬದಲಾಯಿಸಬೇಕು! ಹಾಗೆಂದರೆ ಒಬ್ಬರು ‘ಒಂದು’ ಎಂಬ ಪ್ರಥಮಾಂಕವನ್ನು ತ್ಯಜಿಸಿ, ಎಲ್ಲರ ಕಣ್ಣೆದುರಿಗೆ ‘ಎರಡು’ ಆಗಬೇಕು! ದಾಕ್ಷಾಯಣಿಯು ಕನ್ನಡಕ ತೆಗೆದು ಒರೆಸತೊಡಗಿದಳು. ಅವಳು ಸೋಲಬಲ್ಲವಳಾಗಿದ್ದಳು, ಮನೆಯಲ್ಲಿ ಅದು ಅವಳಿಗೆ ರೂಢಿಯೂ ಆಗಿತ್ತು. ಆದರೆ ಇಂದು ಮೌಸು ಮೇಜಿನ ನಡುವೆ ಇತ್ತು, ಅವಳ ಕೈ ಮುಂದೆ ಬರಲಿಲ್ಲ. ಚನ್ನವೀರಪ್ಪನು ವಾರೆಗಣ್ಣಿನಿಂದ ಅವಳನ್ನು ನೋಡಿದನು. ಕನ್ನಡಕ ಆಗಲೇ ಸ್ವಚ್ಛವಾಗಿತ್ತು. ಅವಳು ಒರೆಸುತ್ತಲೇ ಇದ್ದಳು. ತಾನು ಎಷ್ಟು ಸಾರಿ ‘ನಿನಗ ತಿಳಿಯಂಗಿಲ್ಲ’ ಎಂದಿದ್ದೆನೆಂಬುದು ಗಣಿತದ ಮಾಸ್ತರನಿಗೂ ಲೆಕ್ಕಕ್ಕೆ ಸಿಗಲಿಲ್ಲ. ಅದೇ ಮಾತು ಬೆಳಿಗ್ಗೆ ಒಂದೇ ಒಂದು ಸಲ ತನ್ನ ಮೇಲೆ ಬಿದ್ದಾಗ ಹೇಗೆ ಉರಿದಿತ್ತೆಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಆಗ ಆ ಬೀಜಗಣಿತಾರಣ್ಯಕಂಠೀರವನು, ಕಿರೀಟವನ್ನು ತಾನೇ ಕಳಚಿ ಕೆಳಗಿಡುವ ಮಹಾರಾಜನ ಗಾಂಭೀರ್ಯದಿಂದ ಕೈ ಚಾಚಿ, ಮೌಸನ್ನು ಎರಡು ಬೆರಳಲ್ಲಲ್ಲ, ಇಡೀ ಮುಷ್ಟಿಯಲ್ಲಿ ಹಿಡಿದನು.

"ನಾ ಎರಡು ಆಗ್ತೀನಿ" ಎಂದನು.

ಆಗುವುದೇನು ಸುಲಭವೇ! ಒಂದೊಂದೇ ಕಂಪ್ಯೂಟರನ್ನು ತೆರೆದು, ವಿಳಾಸದ ಒಂದನ್ನು ಅಳಿಸಿ ಎರಡೆಂದು ಬರೆದು, ರೂಟರಿನ ತನ್ನ ಬಾಗಿಲಿನ ವಿಳಾಸವನ್ನೂ ಪ್ರತಿಯೊಂದಕ್ಕೂ ತಿಳಿಸಿ, ಬೆವರೊರೆಸಿಕೊಂಡು ಅವನು ಮುಂದುವರಿದನು. ಕೊನೆಗೆ ಸಂದೇಶವನ್ನು ಕಳಿಸುವ ಮುಹೂರ್ತವು ಬಂತು. ಕಳಿಸುವುದು ಎಲ್ಲಿಗೆ? ಅವಳ ಕಂಪ್ಯೂಟರಿನ ವಿಳಾಸ ಅವನಿಗೆ ತಿಳಿಯದು. ತಿರುಗಿ ನೋಡಿದನು.

"ದಾಕ್ಷಾಯಣಿ, ನಿಂದು ನಂಬರ್ ಎಷ್ಟು?"

"ಹನ್ನೊಂದು" ಎಂದಳು ಅವಳು. ಆಮೇಲೆ, "ಕೊನೀಗೆ ಹನ್ನೊಂದ್ರಿ. ಮೊದಲಿಂದು ನಿಮಗ ಗೊತ್ತೈತಿ" ಎಂದಳು. ಹಾನಗಲ್ಲಿನ ಹಿಂದಿ ಮಾಸ್ತರರು ಎದ್ದು ಬಂದು ಇವರ ಹಿಂದೆ ನಿಂತರು.

ಚನ್ನವೀರಪ್ಪನು ಬೆರಳಿನಿಂದ ಎಂಟರ್ ಒತ್ತಿದನು. ಪರದೆಯು ಕ್ಷಣಕಾಲ ಧ್ಯಾನಸ್ಥವಾಯಿತು. ಬಳಿಕ ಒಂದು ಸಾಲು ಮೂಡಿತು: ಉತ್ತರವಿಲ್ಲ, ಸಮಯ ಮೀರಿದೆ.

"ಹೋತು" ಎಂದು ನಾಯಕನು ಬೆಂಚಿಗೆ ಕುಸಿದನು. "ಮಾನ ಹೋತು."

"ತಡೀರಿ" ಎಂದು ದಾಕ್ಷಾಯಣಿಯು ಅವನ ಮಣಿಕಟ್ಟನ್ನು ಹಿಡಿದಳು. "ಸ್ವಿಚ್ ಮಾಡಿದಂಗ ರೂಟರ್ರೂ ಮೊದಲ್ನೇ ಸಲ ಮನಿ ಹುಡಕ್ತಿರಬೇಕು. ಸ್ವಲ್ಪ ತಡೀರಿ."

ಕಂಪ್ಯೂಟರು ಅದೇ ಸಂದೇಶವನ್ನು ತಾನಾಗಿಯೇ ಮತ್ತೆ ಮತ್ತೆ ಕಳಿಸುತ್ತಿತ್ತು. ಎರಡನೆಯ ಸಾಲು ಮೂಡಿತು: ಉತ್ತರ ಬಂದಿದೆ. ಮೂರನೆಯದು: ಉತ್ತರ ಬಂದಿದೆ. ನಾಲ್ಕನೆಯದು: ಉತ್ತರ ಬಂದಿದೆ! ದಿಕ್ಪಾಲಕರು ಹೂಮಳೆ ಕರೆದರೋ ಇಲ್ಲವೋ, ಹಿಂದಿ ಮಾಸ್ತರರಂತೂ ಶಿಳ್ಳೆ ಹೊಡೆದರು. ಚನ್ನವೀರಪ್ಪನು ಎದ್ದುನಿಂತು ಸಿಂಹನಾದಗೈದನು: "ನೋಡ್ರಿ! ನಮ್ಮನಿಯಾಕಿಗೆ ಎಲ್ಲಾ ತಿಳಿತೈತಿ!" ದಾಕ್ಷಾಯಣಿಯು, "ಕೂಡ್ರಿ, ಎಲ್ಲಾರೂ ನೋಡಾಕತ್ತಾರ" ಎಂದು ಅವನ ಅಂಗಿಯನ್ನು ಹಿಡಿದೆಳೆದಳು. ಆದರೆ ನಗು ಅವಳ ಹಿಡಿತಕ್ಕೆ ಸಿಗಲಿಲ್ಲ.

ರೇಷ್ಮಾ ತನ್ನ ಹಾಳೆಯಲ್ಲಿ ಅವರ ಶಾಲೆಯ ಮುಂದೆ ಸರಿಗುರುತು ಹಾಕಿದಳು. "ನಿಮ್ಮ ಹೆಡ್‌ಮಾಸ್ತರರು ಕೇಳ್ಯಾರ, ಇನ್‌ಚಾರ್ಜ್ ಅಂತ ಯಾರ ಹೆಸರು ಬರೀಲ್ರಿ?"

"ಅಕೀದು ಬರೀರಿ" ಎಂದು ಪತಿಯು ಔದಾರ್ಯದಿಂದ ಉಬ್ಬಿದನು.

"ಛೇ, ಬ್ಯಾಡ್ರಿ, ಅವರದ ಬರೀರಿ" ಎಂದು ಸತಿಯು ಕರಗಿದಳು. ಆಮೇಲೆ, "ಅಂದಂಗ, ಇನ್‌ಚಾರ್ಜ್ ಅಂದ್ರ ಏನ್ ಮಾಡೋದ್ರಿ?" ಎಂದು ಕೇಳಿದಳು.

"ಭಾಳ ಏನಿಲ್ರಿ. ದಿನಾ ಸಂಜಿಕೆ ಎಲ್ಲಾರೂ ಮನಿಗೆ ಹೋದಮ್ಯಾಲ ಮಷೀನ್ ಬಂದ್ ಮಾಡಿ, ಕಸ ಹೊಡದು, ಧೂಳಾ ಒರಸಿ, ಬೀಗ ಹಾಕೋದು. ಇಲಿ ವೈರ್ ಕಡದ್ರ ನೋಡ್ಕೊಳೋದು."

ಗಂಡಹೆಂಡಿರು ಪರಸ್ಪರ ಮುಖ ನೋಡಿಕೊಂಡರು.

"ಖರೇ ಅಂದ್ರ ಅಕೀಗೆ ಭಾಳ ಚಲೋ ತಿಳಿತೈತ್ರಿ" ಎಂದನು ಚನ್ನವೀರಪ್ಪ.

"ಏ, ಇಲ್ರಿ, ವೈರಿಂದು ಎಲ್ಲಾ ಮೊದಲಿಂದ ಅವರ ನೋಡ್ಕೋತಾರ" ಎಂದಳು ದಾಕ್ಷಾಯಣಿ.

"ನಿಂದ ಇರ್ಲಿ."

"ನಿಮ್ಮದ ಇರ್ಲಿ."

ಹೊರಗೆ ಚಹಾದ ಬಂಡಿಯು ಬಂದಿತ್ತು. ರೇಷ್ಮಾ ಬಹಳ ಹೊತ್ತು ಕಾಯಲಿಲ್ಲ. ಸೋಮ, ಬುಧ, ಶುಕ್ರವಾರಕ್ಕೆ ಸರ್, ಮಂಗಳ, ಗುರು, ಶನಿವಾರಕ್ಕೆ ಮೇಡಂ ಎಂದು ಬರೆದು ಸಹಿ ಮಾಡಿಸಿಕೊಂಡಳು. ಹೀಗೆ ಆ ಮಹಾಸಾಮ್ರಾಜ್ಯವು ನ್ಯಾಯವಾಗಿ ಇಬ್ಭಾಗವಾಯಿತು. ಕಸಬರಿಗೆಯನ್ನು ಶಾಲೆ ಕೊಡುತ್ತದಂತೆ. ಒರೆಸುವ ಅರಿವೆಯನ್ನು ಮಾತ್ರ ಮನೆಯಿಂದಲೇ ತರಬೇಕಂತೆ.