ಎಡಬಾಗಿಲಿನ ಹ್ಯಾಂಡಲ್

ಸಿಟ್ಟು ಬಂದರೆ ಕೆಲವರ ಮಾತು ಜೋರಾಗುತ್ತದೆ. ನನಗೆ ಮಾತು ನಿಂತುಹೋಗಿ ಕೈ ಜೋರಾಗುತ್ತದೆ. ಹೆದರಬೇಡಿ, ಈ ಕೈ ಮನುಷ್ಯರ ಮೇಲೆ ಎಂದೂ ಎದ್ದಿಲ್ಲ. ಡಬ್ಬಿಯ ಮುಚ್ಚಳ, ನಲ್ಲಿ, ಕಪಾಟು, ಹೀಗೆ ತಿರುಗಿ ಬಯ್ಯಲಾರದ ವಸ್ತುಗಳ ಮೇಲಷ್ಟೇ ಅದರ ಪೌರುಷ. ಬೀದರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಲ್ಯಾಬಿಗೆ ಕಾಲಿಟ್ಟರೆ ಅಟೆಂಡರ್ ಗಾಜಿನ ಸಾಮಾನುಗಳನ್ನು ಸದ್ದಿಲ್ಲದೆ ಮೇಲಿನ ಕಪಾಟಿಗೆ ಏರಿಸುತ್ತಾನೆ. ಇಂಥ ಕೈಯಿಂದ ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಎಡಬಾಗಿಲನ್ನು ಎಳೆದೆ. ಬಾಗಿಲು ಅಲ್ಲೇ ಉಳಿಯಿತು, ಹ್ಯಾಂಡಲ್ ಮುರಿದು ಕೈಗೆ ಬಂತು.

ಒಳಗಿನ ಹಿಡಿಕೆ ಹಿಂದೆಯೇ ಹೋಗಿತ್ತು. ಅದಕ್ಕೂ ಕಾರಣ ಯಾರೆಂದು ಈಗ ಚರ್ಚಿಸುವುದು ಬೇಡ. ಹೀಗಾಗಿ ನನ್ನ ಹೆಂಡತಿ ನಿರ್ಮಲಾ ಡ್ರೈವರ್ ಕಡೆಯಿಂದ ಹತ್ತಿ, ಸ್ಟೇರಿಂಗಿನ ಕೆಳಗೆ ತೂರಿ, ಉದ್ದ ಸೀಟಿನ ಮೇಲೆ ಜಾರಿಕೊಂಡು ತನ್ನ ಜಾಗ ಸೇರಬೇಕಾಯಿತು. ಆಕೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಗೇಟಿನಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು. ಹಿಂದೆ ಕೂತುಬಿಡು ಅಂದೆ. ಹಿಂದೆ ಕೂತರೆ ನಿಮಗೆ ದಾರಿ ಹೇಳುವವರು ಯಾರು ಎಂದು ಕೇಳಿದಳು. ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ತೀರ್ಪು ಕೊಟ್ಟಳು: "ತಂಗಿ ಮಗಳ ನಿಶ್ಚಯಕ್ಕ ಹೋಗೋದ್ರೊಳಗ ಹ್ಯಾಂಡಲ್ ಬರಬೇಕ್ರಿ. ಇಲ್ಲಂದ್ರ ಗಾಡಿ ಹೋಗಬೇಕು." ಆ ಗಾಡಿಯಲ್ಲೇ ನಾನು ಡ್ರೈವಿಂಗ್ ಕಲಿತದ್ದು. ಅದನ್ನು ಕಳಿಸುವ ಮನಸ್ಸಿಲ್ಲದೆ ಮರುದಿನವೇ ಹ್ಯಾಂಡಲ್ ಹುಡುಕಲು ಹೊರಟೆ.

ಬೀದರಿನ ಬಿಡಿಭಾಗಗಳ ಅಂಗಡಿಯವನು ಗಾಡಿಯ ವಯಸ್ಸು ಕೇಳಿ, ಒಳಗಿದ್ದವರನ್ನೂ ಕರೆದು ನನ್ನನ್ನು ತೋರಿಸಿದ. ನಂತರ ಭಂಗಾರದಂಗಡಿಗೆ ಹೋಗಲು ಹೇಳಿದ. ನಮ್ಮ ಕಡೆ ಗುಜರಿಗೆ ಭಂಗಾರ ಅನ್ನುತ್ತಾರೆ. ಬರೆಯುವಾಗ ಮಹಾಪ್ರಾಣ ಇರುತ್ತದೆ, ಫೋನಿನಲ್ಲಿ ಇರುವುದಿಲ್ಲ. ಭಂಗಾರದಂಗಡಿಯಲ್ಲಿದ್ದೇನೆ, ಆರಿಸುತ್ತಿದ್ದೇನೆ, ತಡವಾಗುತ್ತದೆ ಎಂದು ನಿರ್ಮಲಾಗೆ ಫೋನ್ ಮಾಡಿದೆ. ಮನೆಗೆ ಬಂದರೆ ಕೇಳದೆಯೇ ಚಹಾ ಬಂತು, ಚಪಾತಿಯ ಮೇಲೆ ತುಪ್ಪ ಹೊಳೆಯುತ್ತಿತ್ತು. ನಾನು ಚೀಲದಿಂದ ಕರಿ ಎಣ್ಣೆ ಮೆತ್ತಿದ ಹ್ಯಾಂಡಲೊಂದನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ಮುಂದಿನ ಎರಡು ದಿನ ಚಹಾ ಕೇಳಬೇಕಾಯಿತು. ಬಂದ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಸಾಲದ್ದಕ್ಕೆ ಆ ಹ್ಯಾಂಡಲ್ ಬಲಬಾಗಿಲಿನದಾಗಿತ್ತು.

ಭಾನುವಾರ ಭಾಲ್ಕಿಗೆ ಹೋದೆ. ಊರ ಹೊರಗೆ ಖಾಜಾಮಿಯಾ ಎಂಬವರ ಭಂಗಾರದ ಬಯಲು. ಬಾನೆಟ್ಟುಗಳ ಗುಡ್ಡ, ಬಾಗಿಲುಗಳ ಗೋಡೆ, ಟೈರುಗಳ ಬಾವಿ. ಬೇವಿನ ಮರದ ನೆರಳಲ್ಲಿ ಸತ್ತ ಕಾರುಗಳ ಸಾಲಿತ್ತು. ನೆರಳಿನ ಆಸೆಗೆ ನನ್ನ ಗಾಡಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿ ಒಳಗೆ ಹೋದೆ. ಖಾಜಾಮಿಯಾ ನನ್ನ ಕಷ್ಟವನ್ನೆಲ್ಲ ಕೇಳಿ ಗಡ್ಡ ನೀವಿಕೊಂಡರು. "ಬಲಗಡಿದು ಬೇಕಾದಷ್ಟ ಅವ ಸರ್. ಸವಾರಿ ಮಂದಿ ಎಲ್ಲಾ ಎಡಕ್ಕೇ ಇಳೀತಾರ ನೋಡ್ರಿ, ಅದಕ್ಕ ಎಡಗಡಿ ಹ್ಯಾಂಡಲ್ ಗಾಡಿಗಿಂತ ಮೊದಲೇ ಸಾಯ್ತದ."

ಆದರೂ ಎರಡು ತಾಸು ಹುಡುಕಿದೆ. ಹ್ಯಾಂಡಲ್ ಸಿಗಲಿಲ್ಲ. ಆದರೆ ಹುಡುಕುವ ಚಟವೊಂದು ಮೈಗೆ ಹತ್ತಿತು. ಬೇಡದ ಸಾಮಾನನ್ನೂ ಎತ್ತಿ ಒರೆಸಿ ನೋಡತೊಡಗಿದೆ. ಆಗ ಬಿಳಿ ಟೋಪಿಯ ಹಿರಿಯರೊಬ್ಬರು ಹೆಡ್‌ಲೈಟಿನ ಸುತ್ತ ಕೂರುವ ಹೊಳಪಿನ ರಿಂಗೊಂದನ್ನು ಧೋತರದ ಅಂಚಿನಿಂದ ಒರೆಸುತ್ತ ಬಂದರು. ಹಲಬರ್ಗಾದ ನಿವೃತ್ತ ಮಾಸ್ತರರು, ಹೆಸರು ಮಾಣಿಕರಾವ್. ಅವರ ಮನೆಯಲ್ಲೂ ಇಂಥದೇ ಗಾಡಿ ಇದೆಯಂತೆ, ಈ ರಿಂಗಿಗಾಗಿ ವರ್ಷದಿಂದ ತಿರುಗುತ್ತಿದ್ದರಂತೆ. ನನಗೆ ಹೊಟ್ಟೆಕಿಚ್ಚಾಯಿತು. ಇನ್ನೊಂದು ಇದೆಯೇ ಎಂದು ಕೇಳಿದೆ.

"ಅದರೀ," ಎಂದರು ಮಾಸ್ತರರು, "ಹೊರಗ ಬೇವಿನ ಗಿಡದ ಬುಡಕ ಒಂದು ಹಾಳ ಗಾಡಿ ನಿಂತದ. ಇನ್ನೊಂದರ ಸ್ಕ್ರೂ ಜಂಗ ಹಿಡದದ. ಬರ್ರಿ, ಇಬ್ಬರೂ ಕೂಡಿ ಬಿಚ್ಚೋಣು."

ಉತ್ಸಾಹದಿಂದ ಹೋದೆ. ಸ್ಕ್ರೂಡ್ರೈವರ್ ನಾನೇ ಹಿಡಿದಿದ್ದೆ. ಸ್ಕ್ರೂ ಅರ್ಧ ಸುತ್ತು ತಿರುಗಿದ ಮೇಲೆ ನಂಬರ್ ಪ್ಲೇಟಿನ ಮೇಲೆ ಕಣ್ಣು ಬಿತ್ತು. ಪರಿಚಿತ ನಂಬರು ಅನ್ನಿಸಿತು. ಒಂದು ಕ್ಷಣ, ನನ್ನದೇ ನಂಬರಿನ ಗಾಡಿ ಭಂಗಾರಕ್ಕೆ ಹೇಗೆ ಬಂತೆಂದು ಆಶ್ಚರ್ಯವನ್ನೂ ಪಟ್ಟೆ.

ವಿಷಯ ತಿಳಿದಾಗ ಮಾಸ್ತರರ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಕದಿಯಬಾರದೆಂದು ಕಲಿಸಿದ ಕೈ ಇದು ಎಂದು ಕೈಯನ್ನೇ ನೋಡಿಕೊಂಡರು. ನಾನೂ ಜೊತೆಗೆ ಬಿಚ್ಚಿದ್ದೇನಲ್ಲ ಎಂದು ಸಮಾಧಾನ ಹೇಳಿದೆ. ರಿಂಗನ್ನು ಅವರೇ ಮತ್ತೆ ಜೋಡಿಸಿದರು. ಅಷ್ಟಕ್ಕೆ ಅವರ ಮನಸ್ಸು ಹಗುರಾಗಲಿಲ್ಲ. ಔರಾದ ತಾಲೂಕಿನ ಡಾಬಕಾದಲ್ಲಿ ತಮ್ಮ ದೂರದ ಅಕ್ಕ ಲಕ್ಷ್ಮೀಬಾಯಿಯ ಅಂಗಳದಲ್ಲಿ ಹಳೆಯ ಅಂಬಾಸಿಡರ್ ಬಿದ್ದಿದೆ, ಅದರ ದೀಪ, ರಿಂಗು ಎಂದೋ ಹೋದವು, ಹ್ಯಾಂಡಲ್ ಮಾತ್ರ ಇದ್ದೀತು, ಈಗಲೇ ಹೋಗೋಣ ಎಂದು ಹಟ ಹಿಡಿದರು. ಧೋತರ ಸಾವರಿಸಿಕೊಂಡು ಸ್ಟೇರಿಂಗಿನ ಕೆಳಗೆ ತೂರಿ ಕೂತರು. ನಿರ್ಮಲಾಳ ಸಂಕಟ ನನಗೆ ಅಂದು ಪೂರ್ತಿ ಅರ್ಥವಾಯಿತು.

ಡಾಬಕಾದ ಗಾಡಿಗೆ ಚಕ್ರಗಳಿರಲಿಲ್ಲ, ಎಂಜಿನ್ ಇರಲಿಲ್ಲ. ಒಳಗೆ ಏಳು ಕುರಿಮರಿಗಳಿದ್ದವು. ಉಳಿದ ಮೂರು ಬಾಗಿಲಿಗೆ ಜಾಲಿಮುಳ್ಳು ಒತ್ತಿ, ಮುಂದಿನ ಎಡಬಾಗಿಲೊಂದನ್ನೇ ಲಕ್ಷ್ಮೀಬಾಯಿ ತೆಗೆದು ಹಾಕಿ ಮಾಡುತ್ತಿದ್ದರು. ಅದರಲ್ಲಿತ್ತು ನನ್ನ ಹ್ಯಾಂಡಲ್, ಕೈಯಾಡಿ ಆಡಿ ಫಳಫಳ ಹೊಳೆಯುತ್ತ. ಕೇಳಿದ್ದಷ್ಟು ದುಡ್ಡು ಕೊಡುತ್ತೇನೆಂದೆ. ಆಕೆ ತಲೆಯಾಡಿಸಿದರು.

"ನಿಮ್ಮ ಹೆಂಡತಿಗಿ ಒಂದು ಬಾಗಲಾ ಇಲ್ಲಂದ್ರ ಇನ್ನೊಂದರ ಅದ. ನನ್ನ ಮರಿಗೋಳಿಗಿ ಇದೊಂದೇ ಅದರಿ."

ಕೊನೆಗೆ ಮಾಸ್ತರರೇ ದಾರಿ ತೋರಿಸಿದರು. ಔರಾದಕ್ಕೆ ಹೋಗಿ ಮನೆಬಾಗಿಲಿಗೆ ಹಾಕುವ ಚಿಲಕ ತಂದೆವು. ಮಾಸ್ತರರು ಅದುಮಿ ಹಿಡಿದರು, ನಾನು ಮೊಳೆಯಿಂದ ತಗಡಿಗೆ ತೂತು ಹೊಡೆದೆ. ಒಂದು ಮರಿ ಕಿಟಕಿಯಿಂದ ತಲೆ ಹಾಕಿ ನನ್ನ ಅಂಗಿಯ ಕಾಲರನ್ನು ಶಾಂತವಾಗಿ ಅಗಿಯುತ್ತಿತ್ತು. ಲಕ್ಷ್ಮೀಬಾಯಿ ಚಿಲಕವನ್ನು ಹತ್ತು ಸಲ ಹಾಕಿ ತೆಗೆದು ಪರೀಕ್ಷೆ ಮಾಡಿ, ಆಮೇಲೆ ಹ್ಯಾಂಡಲ್ ಕೊಟ್ಟರು. ದುಡ್ಡು ಮುಟ್ಟಲಿಲ್ಲ, ಮಜ್ಜಿಗೆ ಕುಡಿಸಿ ಕಳಿಸಿದರು.

ನಿಶ್ಚಯದ ದಿನ ನಿರ್ಮಲಾ ರೇಷ್ಮೆ ಸೀರೆಯುಟ್ಟು ಎಡಬಾಗಿಲ ಬಳಿ ಬಂದು ಹ್ಯಾಂಡಲ್ ಎಳೆದಳು. ಬಾಗಿಲು ತೆರೆಯಿತು. ಆಕೆ ಘನತೆಯಿಂದ ಹತ್ತಿ ಕೂತಳು. ನಾನು ಮೆಚ್ಚುಗೆಗಾಗಿ ಕಾದೆ. ಊರು ದಾಟಿದ ಮೇಲೆ ಬಾಯಿ ಬಿಟ್ಟಳು: ಈ ಕಡೆಯ ಗಾಜು ಇಳಿಯುವುದಿಲ್ಲ, ಸೆಕೆ.

ಅದನ್ನು ಇಳಿಸುವ ಗೇರು ಎಲ್ಲೂ ಸಿಗುವುದಿಲ್ಲ, ಮತ್ತೆ ಭಾಲ್ಕಿಯ ಬಯಲಿನಲ್ಲಿ ಒದ್ದಾಡಬೇಕು, ಮಾಸ್ತರರನ್ನೂ ಕರೆದುಕೊಳ್ಳಬೇಕು, ಬಹುಶಃ ಎರಡು ಭಾನುವಾರ ಬೇಕಾದೀತು ಎಂದು ನಾನು ಬಹಳ ನೊಂದ ದನಿಯಲ್ಲಿ ವಿವರಿಸಿದೆ. ನಿರ್ಮಲಾ ಕನ್ನಡಿಯನ್ನು ನನ್ನ ಕಡೆ ತಿರುಗಿಸಿದಳು.

"ಅಷ್ಟು ತ್ರಾಸ ಅದ ಅಂದ್ರ ಮತ್ತ ಯಾಕ ನಗ್ಲಿಕತ್ತೀರಿ?"

ನೋಡಿದೆ. ನಿಜವಾಗಿಯೂ ನಗುತ್ತಿದ್ದೆ.